ಸ್ತ್ರೀವೇಷವೂ ಶರಣಸತಿಭಾವವೂ

ವೈಶಾಖ ಶುದ್ಧ ತದಿಗೆಯ ಬಸವಜಯಂತಿ ಸಮೀಪಿಸಿತೆಂದರೆ ಕಪಿಲಾ ಕಾವೇರಿಗಳ ದಡದ ಗ್ರಾಮಗಳಲ್ಲಿ ಒಂದು ಪ್ರಶ್ನೆ ವರ್ಷವರ್ಷವೂ ತಲೆಯೆತ್ತುವುದುಂಟು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಊರುಗಳಲ್ಲಿ ಎತ್ತಿನ ಗಾಡಿಯ ಮೇಲೋ, ಈಚೆಗೆ ಟ್ರ್ಯಾಕ್ಟರಿನ ಮೇಲೋ, ಬಾಳೆಯ ಕಂದುಗಳನ್ನು ಕಟ್ಟಿ ಅನುಭವಮಂಟಪವನ್ನು ಅಣಿಮಾಡಿ, ಶರಣರ ವೇಷ ತೊಟ್ಟವರನ್ನು ಕೂರಿಸಿ ಮೆರವಣಿಗೆ ಮಾಡುತ್ತಾರೆ. ಕೆಲವೆಡೆ ಅಂದಿನ ರಾತ್ರಿ ಚಪ್ಪರ ಹಾಕಿ ಕಲ್ಯಾಣದ ಕಥೆಯನ್ನು ಆಡಿ ತೋರಿಸುತ್ತಾರೆ. ಬಸವಣ್ಣನವರ ಪಾತ್ರಕ್ಕೆ ಹತ್ತು ಮಂದಿ ಮುಂದೆ ಬರುವರು. ಬಿಜ್ಜಳನ ಪಾತ್ರಕ್ಕೆ, ಕಿರೀಟ ಕತ್ತಿಗಳ ಆಸೆಯಿಂದ, ಇನ್ನೂ ಹೆಚ್ಚು ಮಂದಿ. ಅಕ್ಕಮಹಾದೇವಿಯಾಗುವವರು ಯಾರು? ನೀಲಾಂಬಿಕೆಯಾಗುವವರು ಯಾರು? ಹೆಚ್ಚಿನ ಅಕ್ಕಿಯನ್ನು ಆಯ್ದು ತಂದ ಗಂಡನಿಗೆ ಬುದ್ಧಿ ಹೇಳಿ ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನಾಗುವವರು ಯಾರು? ಇಲ್ಲಿಗೆ ಬಂದಾಗ ಮಾತು ನಿಂತುಬಿಡುತ್ತದೆ. ಹೆಣ್ಣುಮಕ್ಕಳು ರಂಗವೇರುವುದು ಮರ್ಯಾದೆಯಲ್ಲವೆಂದು ಹಿರಿಯರು. ಗಂಡಸು ಸೀರೆಯುಡುವುದು ನಾಚಿಕೆಗೇಡೆಂದು ಹುಡುಗರು. ಈ ಎರಡು ನಾಚಿಕೆಗಳ ನಡುವೆ ಅಕ್ಕನ ಪೀಠವು ಬರಿದಾಗಿ ಉಳಿಯುತ್ತದೆ. ಇಲ್ಲವೆ ಪಟ್ಟಣದಿಂದ ಒಬ್ಬ ನಟಿಯನ್ನು ಒಂದು ರಾತ್ರಿಗೆಂದು ಹಣ ಕೊಟ್ಟು ಕರೆಸುವುದಾಗುತ್ತದೆ.

ಇಂತಹ ಊರೊಂದರಲ್ಲಿ ಒಬ್ಬ ತರುಣನು ಧೈರ್ಯಮಾಡಿ ತಾನೇ ಅಕ್ಕನಾಗುವೆನೆಂದು ಒಪ್ಪಿದನೆಂದು ಭಾವಿಸೋಣ. ಅವನಿಗೆ ಮೊದಲ ಅಡ್ಡಿ ಮನೆಯಲ್ಲಿಯೇ ಕಾದಿರುತ್ತದೆ. "ನಿಮ್ಮಪ್ಪ ಬದುಕಿರೋವಾಗ ಮೀಸೆ ತೆಗುಸ್ಬೋದಾ ಮಗಾ?" ಎಂದು ತಾಯಿ ಕಣ್ಣಿಗೆ ಸೆರಗೊತ್ತುತ್ತಾಳೆ. ಎರಡನೆಯ ಅಡ್ಡಿ ಆಟ ಮುಗಿದ ಮರುದಿನ ಬೆಳಿಗ್ಗೆ. ನೇಗಿಲು ಹೊತ್ತು ಹೊರಟವನನ್ನು ಜೊತೆಗಾರರು ಅರಳಿಕಟ್ಟೆಯಿಂದ ಕೂಗಿ, "ಏನ್ರವ್ವಾ, ಅಕ್ಕಾರು ಗದ್ದೆ ಕಡೆ ಹೊಂಟ್ರಾ?" ಎಂದು ನಗುತ್ತಾರೆ. ರಾತ್ರಿ ಅವನ ಬಾಯಿಂದ ಬಂದ ಅಕ್ಕನ ನುಡಿಗೆ ಕೈಮುಗಿದವರೇ ಬೆಳಗಾದೊಡನೆ ಅವನ ಸೀರೆಯನ್ನು ನೆನೆದು ನಗುವರು. ಮುಂದಿನ ವರ್ಷ ಅವನು ಬರುವುದಿಲ್ಲ. ಈ ನಗೆಯು ಶರಣಮಾರ್ಗಕ್ಕೆ ಒಪ್ಪುವುದೇ ಎಂಬುದನ್ನು ಸದ್ಭಕ್ತರು ಸಾವಧಾನವಾಗಿ ವಿಚಾರಿಸಬೇಕಾಗಿದೆ.

ಮೊದಲು ನಾಟ್ಯಶಾಸ್ತ್ರದ ಮಾತು. ಭರತಮುನಿಯು ಪಾತ್ರಧಾರಣೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಸ್ತ್ರೀಯು ಸ್ತ್ರೀಪಾತ್ರವನ್ನೂ ಪುರುಷನು ಪುರುಷಪಾತ್ರವನ್ನೂ ತಮ್ಮ ವಯಸ್ಸಿಗೆ ತಕ್ಕಂತೆ ಧರಿಸುವುದು ಅನುರೂಪಾ. ಬಾಲಕನು ವೃದ್ಧನಾಗುವುದು, ವೃದ್ಧನು ಬಾಲಕನಾಗುವುದು ವಿರೂಪಾ. ಪುರುಷನು ಸ್ತ್ರೀಭಾವವನ್ನು ತಾಳಿ ನಟಿಸುವುದು ರೂಪಾನುಸಾರಿಣೀ. ಗಮನಿಸತಕ್ಕ ಅಂಶವೆಂದರೆ, ಮೂರನೆಯದನ್ನು ಆತನು ಹೀನವೆಂದು ಕರೆಯಲಿಲ್ಲ. ಸ್ತ್ರೀಯರು ಪುರುಷಪಾತ್ರ ವಹಿಸುವುದಕ್ಕೂ ಅವಕಾಶವನ್ನಿತ್ತನು. ಅಮರಕೋಶದಲ್ಲಿ ಸ್ತ್ರೀವೇಷಧಾರಿಯಾದ ನರ್ತಕನಿಗೆ ಭ್ರಕುಂಸ, ಭ್ರುಕುಂಸ, ಭ್ರೂಕುಂಸ ಎಂದು ಮೂರು ಹೆಸರುಗಳಿವೆ. ಒಂದು ವೃತ್ತಿಗೆ ಮೂರು ಹೆಸರು ಹುಟ್ಟಬೇಕಾದರೆ ಆ ವೃತ್ತಿಯು ಲೋಕದಲ್ಲಿ ಎಷ್ಟು ರೂಢವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಶಾಸ್ತ್ರವು ಅನುಮತಿಸಿದ ಮಾತ್ರಕ್ಕೆ ಶರಣರು ಒಪ್ಪಬೇಕೆಂಬ ನಿಯಮವಿಲ್ಲ. ಶಾಸ್ತ್ರವನ್ನು ಒರೆಗೆ ಹಚ್ಚಿದವರು ಅವರು. ಆದರೆ ವೇಷದ ವಿಷಯದಲ್ಲಿ ಅವರ ನಡೆಯನ್ನು ನೋಡಿದರೆ ಸಂದೇಹಕ್ಕೆ ಎಡೆಯುಳಿಯದು. ಬಹುರೂಪಿ ಚೌಡಯ್ಯನು ನಾನಾ ವೇಷಗಳನ್ನು ಧರಿಸಿ ಜನರ ಮುಂದೆ ಆಡುವುದನ್ನೇ ಕಾಯಕವಾಗಿ ಉಳ್ಳವನು. ಅವನ ಹೆಸರಿನಲ್ಲಿಯೇ ಆ ಕಾಯಕವು ನಿಂತಿದೆ. ಕಲಕೇತ ಬೊಮ್ಮಯ್ಯನೂ ವೇಷದಿಂದಲೇ ಬಾಳಿದವನು. ನಗೆಯ ಮಾರಿತಂದೆಗೆ ಜನರನ್ನು ನಗಿಸುವುದೇ ಕಾಯಕ. ಇವರಾರನ್ನೂ ಕಲ್ಯಾಣದ ಶರಣಸಂಕುಲವು ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ಚೌಡಯ್ಯನ ವಚನಗಳು ಇಂದಿಗೂ ಓದಲ್ಪಡುತ್ತಿವೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ವೇಷಧಾರಿಗಳನ್ನು ವಚನಕಾರರು ಅಷ್ಟು ಕಟುವಾಗಿ ಖಂಡಿಸಿಲ್ಲವೇ? ನಿಜ, ಖಂಡಿಸಿದ್ದಾರೆ. ಆದರೆ ಯಾವ ವೇಷವನ್ನು? ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ ಭಕ್ತನಂತೆ ತೋರಿ ಒಳಗೆ ಬೇರೊಂದಾಗಿರುವ ವೇಷವನ್ನು. ನೋಡುವವನನ್ನು ವಂಚಿಸಲೆಂದು ತೊಟ್ಟ ವೇಷವನ್ನು. ರಂಗದ ಮೇಲಿನ ವೇಷವು ಹಾಗಲ್ಲ. ತೊಟ್ಟವನಿಗೂ ಗೊತ್ತು, ನೋಡುವವನಿಗೂ ಗೊತ್ತು. ಇಬ್ಬರೂ ತಿಳಿದೇ ಕೂಡಿ ಹನ್ನೆರಡನೆಯ ಶತಮಾನದ ಒಂದು ಘಳಿಗೆಯನ್ನು ಎದುರಿಗೆ ತಂದುಕೊಳ್ಳುತ್ತಾರೆ. ಅಲ್ಲಿ ವಂಚನೆಯಿಲ್ಲ. ಹಗಲೆಲ್ಲ ಶಿವಭಕ್ತನೆನಿಸಿಕೊಂಡು ಸಂತೆಯಲ್ಲಿ ತೂಕ ಕಡಿಮೆ ಮಾಡುವವನೇ ವಚನಕಾರರು ಹೇಳಿದ ವೇಷಧಾರಿ, ಸೀರೆಯುಟ್ಟು ಅಕ್ಕನ ಪಾತ್ರವಾಡಿದ ಹುಡುಗನಲ್ಲ.

ಇನ್ನು ಈ ವಿಷಯದ ಹೃದಯಕ್ಕೆ ಬರಬಹುದು. ಶರಣಸತಿ ಲಿಂಗಪತಿ ಎಂಬ ಭಾವವನ್ನು ಅರಿಯದ ವೀರಶೈವರಿಲ್ಲ. ಷಟ್‌ಸ್ಥಲಗಳಲ್ಲಿ ಐದನೆಯದಾದ ಶರಣಸ್ಥಲದಲ್ಲಿ ಸಾಧಕನು ತಾನು ಸತಿ, ಲಿಂಗವೇ ಪತಿ ಎಂದು ನಿಲ್ಲುತ್ತಾನೆ. ಈ ಭಾವವು ಸ್ತ್ರೀಯರಿಗೆ ಮಾತ್ರ ಹೇಳಿದ್ದಲ್ಲ. ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದ ಪುರುಷರೇ ವಿರಹಿಣಿಯ ನುಡಿಯಲ್ಲಿ, ಸಖಿಯೊಡನೆ ಮಾತನಾಡುವ ಹೆಣ್ಣಿನ ನುಡಿಯಲ್ಲಿ, ವಚನಗಳನ್ನು ಹೇಳಿದ್ದಾರೆ. ಗಜೇಶ ಮಸಣಯ್ಯನ ಪುಣ್ಯಸ್ತ್ರೀಯೂ ವಚನಕಾರ್ತಿ. ಒಂದೇ ಮನೆಯಲ್ಲಿ ಗಂಡನೂ ಹೆಂಡತಿಯೂ ಒಬ್ಬನೇ ಪತಿಗೆ ಸತಿಯರಾಗಿ ನಿಂತ ಆ ಚಿತ್ರವು ಬಹಳ ಸೊಗಸಾದುದು! ಮಸಣಯ್ಯನಿಗೆ ಅದಕ್ಕಾಗಿ ಸೀರೆ ಬೇಕಾಗಲಿಲ್ಲವೆಂಬುದೂ ದಿಟವೇ. ಭಾವವು ವಸ್ತ್ರದಿಂದ ಬರುವುದಲ್ಲ. ಸೀರೆಯುಟ್ಟ ನಟನು ಅಷ್ಟರಿಂದಲೇ ಶರಣಸತಿಯಾದನೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಅಂತರಂಗದಲ್ಲಿ ಪ್ರತಿಯೊಬ್ಬ ಭಕ್ತನೂ ಹೆಣ್ಣಾಗಿ ನಿಲ್ಲಬೇಕೆಂದು ಬೋಧಿಸುವ ಮಾರ್ಗದಲ್ಲಿದ್ದು, ಬಹಿರಂಗದಲ್ಲಿ ಒಂದು ರಾತ್ರಿ ಹೆಣ್ಣಾಗಿ ತೋರಿದವನನ್ನು ಹೀಗಳೆಯುವುದು ಎಂತಹ ಅಸಂಗತ! ನಗುವವನಿಗೆ ಹೆಣ್ಣಾಗುವುದು ಕೆಳಗಿಳಿದಂತೆ ಕಾಣುತ್ತದೆ. ಹೆಣ್ಣು ಕೀಳೆಂಬ ಭಾವನೆಯು ಒಳಗೆ ಅಡಗಿರದಿದ್ದರೆ ಆ ನಗೆಯೇ ಹುಟ್ಟದು.

ಆತ್ಮಕ್ಕೆ ಸ್ತ್ರೀ ಪುರುಷ ಎಂಬ ಹೆಸರು ಅಂಟದೆಂದು ಜೇಡರ ದಾಸಿಮಯ್ಯನೂ ಗೊಗ್ಗವ್ವೆಯೂ ಹೇಳಿರುವುದು ಪ್ರಸಿದ್ಧವಾಗಿದೆ. ಸತ್ಯಕ್ಕನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣಿನ ಗುರುತೆಂದು ಲೋಕ ಹಿಡಿಯುವ ಲಕ್ಷಣಗಳೊಡನೆ ಗಂಡಿನ ಗುರುತುಗಳಾದ ಮೀಸೆ ಆಯುಧಗಳನ್ನೂ ಸೇರಿಸಿ, ಇವು ಲೋಕದವರಿಗೆ ಪ್ರಮಾಣವೇ ಹೊರತು ಅರಿತವರಿಗಲ್ಲವೆಂದು ತೀರ್ಮಾನಿಸಿದ್ದಾಳೆ. ಮೀಸೆಯ ಮಾತು ಅವಳ ಬಾಯಿಂದಲೇ ಬಂದಿರುವುದು ಆ ತರುಣನ ತಾಯಿಯ ಕಣ್ಣೀರಿಗೆ ಉತ್ತರದಂತಿದೆ. ತಂದೆಯಿರುವಾಗ ಮೀಸೆ ತೆಗೆಸಿದರೆ ಅಶುಭವೆಂಬ ನಂಬಿಕೆಯು ಮರಣಸೂತಕದ ಭಯದಿಂದ ಬಂದುದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗಾಂಗಿಗೆ ಇಲ್ಲವೆಂದು ಒಪ್ಪಿದ ಮೇಲೆ, ಕ್ಷೌರಿಕನ ಕತ್ತಿಗೆ ತಂದೆಯ ಆಯುಷ್ಯವನ್ನು ಕಟ್ಟಿಹಾಕುವುದು ಹೇಗೆ ಸರಿಯಾದೀತು? ತಾಯಿಯನ್ನು ಹಾಸ್ಯಮಾಡಬಾರದು, ಅವಳ ಭಯವು ಪ್ರೀತಿಯಿಂದ ಹುಟ್ಟಿದ್ದು. ತಂದೆಯೇ ಎದುರಿಗೆ ಕುಳಿತು, ತನ್ನ ಅಪ್ಪಣೆಯಿಂದಲೇ ಮೀಸೆ ತೆಗೆಸಿದರೆ ಅವಳ ಮನಸ್ಸು ನಿರಾಳವಾಗುವುದು. ಎರಡು ತಿಂಗಳೊಳಗೆ ಮೀಸೆ ಮತ್ತೆ ಬೆಳೆಯುತ್ತದೆ.

ಕನ್ನಡ ರಂಗಭೂಮಿಯ ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. ಮೈಸೂರಿನ ಅರಮನೆಯ ಆಶ್ರಯದಲ್ಲಿ ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಿಸಿ ಆಡಿಸಿದ ಕಾಲದಲ್ಲಿ ಶಕುಂತಲೆಯ ಪಾತ್ರವೂ ಗಂಡಸರದೇ ಆಗಿತ್ತು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರನ ಹೆಸರಿನಲ್ಲಿ ಹುಟ್ಟಿದ ನಾಟಕ ಸಂಘವೂ ಮೊದಮೊದಲು ಪುರುಷರಿಂದಲೇ ಸ್ತ್ರೀಪಾತ್ರಗಳನ್ನು ಮಾಡಿಸಿತು. ಮರಾಠಿ ರಂಗದ ಬಾಲಗಂಧರ್ವರು (1888–1967) ಸೀರೆಯುಡುತ್ತಿದ್ದ ರೀತಿಯನ್ನು ಗೃಹಿಣಿಯರೇ ಅನುಕರಿಸಿದರೆಂಬುದು ಎಲ್ಲರೂ ಬಲ್ಲ ಮಾತು. ಏಣಗಿ ಬಾಳಪ್ಪನವರ (1914–2017) ಬಾಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿದ ಅವರೇ ಮುಂದೆ ಜಗಜ್ಯೋತಿ ಬಸವೇಶ್ವರ ನಾಟಕದಲ್ಲಿ ಬಸವಣ್ಣನವರಾಗಿ ನಾಡಿನ ಮನಸ್ಸಿನಲ್ಲಿ ನೆಲೆಸಿದರು. ಹೆಣ್ಣಿನ ನಡೆ ನುಡಿಗಳನ್ನು ಅಭ್ಯಾಸಮಾಡಿದ ದೇಹದಲ್ಲಿಯೇ ಬಸವಣ್ಣನವರ ಮಾರ್ದವವೂ ಮೂಡಿತು.

ಅಷ್ಟು ದೂರ ಹೋಗುವುದೂ ಬೇಡ. ಮುಡುಕುತೊರೆಯ ಜಾತ್ರೆಗೋ ಮಾದಪ್ಪನ ಬೆಟ್ಟಕ್ಕೋ ಹೋದವರು ಕಂಸಾಳೆಯ ದೇವರಗುಡ್ಡರ ಹಾಡನ್ನು ಕೇಳಿಯೇ ಇರುತ್ತಾರೆ. ಸಂಕಮ್ಮನ ಸಾಲು ಬಂದಾಗ, ಗಂಡನಾದ ನೀಲಯ್ಯನ ಶಂಕೆಗೆ ಸಿಕ್ಕಿ ನರಳುವ ಆ ಹೆಣ್ಣಿನ ಗೋಳನ್ನು ಗಡ್ಡ ಮೀಸೆಯ ಗುಡ್ಡನೇ ಹಾಡುತ್ತಾನೆ. ಸೀರೆಯಿಲ್ಲ, ಬಳೆಯಿಲ್ಲ. ಆದರೂ ಕೇಳುವ ತಾಯಂದಿರ ಕಣ್ಣಲ್ಲಿ ನೀರು. ಅವನನ್ನು ಯಾರೂ ಹೆಣ್ಣಿಗನೆಂದು ನಕ್ಕದ್ದಿಲ್ಲ. ಶೂನ್ಯಸಂಪಾದನೆಯೂ ಒಂದು ದೃಷ್ಟಿಯಿಂದ ಇದೇ ಕೆಲಸ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅಕ್ಕನ ವಚನಗಳನ್ನು ಸಂವಾದವಾಗಿ ಹೆಣೆದು ಕಲ್ಯಾಣವನ್ನು ಮರಳಿ ಕಣ್ಣಮುಂದೆ ನಿಲ್ಲಿಸಿದನು. ಮಠಮಠಗಳಲ್ಲಿ ಅದನ್ನು ಓದಿದ ಪುರುಷರೆಲ್ಲರೂ ಅಕ್ಕನ ಪಾಲಿನ ಮಾತನ್ನು ತಮ್ಮ ಬಾಯಿಂದಲೇ ಆಡಿದರು.

ಹಾಗಾದರೆ ಸ್ತ್ರೀವೇಷವೆಲ್ಲವೂ ಸಾಧುವೇ? ಅಲ್ಲ. ನಗಿಸುವುದಕ್ಕಾಗಿ ಸೊಂಟ ಬಳುಕಿಸಿ, ಕೀರಲು ದನಿಯಲ್ಲಿ ಕೂಗಿ, ಹೆಣ್ಣೆಂದರೆ ಇಷ್ಟೇ ಎಂದು ಅಣಕಿಸುವ ವೇಷವೂ ಇದೇ ಚಪ್ಪರಗಳಲ್ಲಿ ನಡೆಯುತ್ತದೆ. ಜನ ಸೀಟಿ ಹೊಡೆದು ನೋಟು ಚುಚ್ಚುತ್ತಾರೆ. ನಾಚಬೇಕಾದದ್ದು ಅದಕ್ಕೆ. ಶರಣೆಯ ಪಾತ್ರ ವಹಿಸುವವನು ತನ್ನ ದನಿಯನ್ನು ಹಿಂಡಬೇಕಾಗಿಲ್ಲ. ತಗ್ಗಿಸಿ, ನಿಧಾನವಾಗಿ, ವಚನದ ಅರ್ಥವನ್ನು ತಿಳಿದು ನುಡಿದರೆ ಸಾಕು. ಅರದಾಳ ಸಫೇತುಗಳನ್ನು ದಪ್ಪನಾಗಿ ಬಳಿದು, ಜರಿಯ ಸೀರೆಯುಡಿಸಿ, ಉಗುರಿಗೆ ಬಣ್ಣ ಹಚ್ಚಿ ಅಕ್ಕಮಹಾದೇವಿಯನ್ನು ತಂದು ನಿಲ್ಲಿಸುವ ಬಣ್ಣದವರೂ ಉಂಟು. ಅರಮನೆಯ ಉಡುಗೆ ತೊಡುಗೆಗಳನ್ನು ಬಿಟ್ಟು ಹೊರಟವಳಿಗೆ ಜರಿ ಎಲ್ಲಿಂದ ಬಂತೆಂದು ಡ್ರಾಮಾ ಮಾಸ್ತರರನ್ನು ಯಾರಾದರೂ ಕೇಳಬೇಕು. ಬಿಳಿಯ ನೂಲಿನ ಸೀರೆ, ವಿಭೂತಿ, ರುದ್ರಾಕ್ಷಿ, ಬಿಚ್ಚಿದ ಕೂದಲು ಇವಿಷ್ಟು ಸಾಲದೆ? ಕೂದಲ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಉಡುಗೆ ತೊರೆದವಳಿಗೆ ಕೂದಲಿನ ಮರೆಯೇಕೆಂದು ಅಲ್ಲಮಪ್ರಭು ಕೇಳುವ ಸಂದರ್ಭದಲ್ಲಿ ಇಡೀ ಪ್ರಸಂಗದ ಭಾರವೇ ಕೂದಲ ಮೇಲೆ ನಿಂತಿದೆ. ಅಲ್ಲಿ ಟೋಪನ್ ಜಾರಿದರೆ ಅನುಭವಮಂಟಪವೇ ಜಾರಿದಂತೆ.

ರೂಪವನ್ನು ಕಳಚುವ ಮಾತು ಬಂದಾಗ ನಂಜನಗೂಡಿನ ಭಕ್ತರಿಗೆ ಇನ್ನೊಂದು ನೆನಪು ಬರಬೇಕು. ಶ್ರೀಕಂಠೇಶ್ವರನ ಗುಡಿಯಲ್ಲಿ ಅರವತ್ತುಮೂವರು ಪುರಾತನರ ವಿಗ್ರಹಗಳಿವೆ. ಅವರಲ್ಲಿ ಒಬ್ಬಳಾದ ಕಾರಿಕಾಲಮ್ಮೆಯು ತನ್ನ ಸ್ತ್ರೀಸೌಂದರ್ಯವನ್ನು ತೆಗೆದುಕೊಳ್ಳೆಂದು ಶಿವನನ್ನು ಬೇಡಿ ಭೂತರೂಪವನ್ನು ತಾಳಿದವಳು. ಹರಿಹರ ಕವಿಯು ಅವಳ ಮೇಲೂ ಮಹಾದೇವಿಯಕ್ಕನ ಮೇಲೂ ರಗಳೆಗಳನ್ನು ರಚಿಸಿದ್ದಾನೆ. ಹೆಣ್ಣಿನ ರೂಪವನ್ನು ಕಳಚಿದವಳಿಗೆ ಕೈಮುಗಿದು ಪ್ರದಕ್ಷಿಣೆ ಮಾಡುವವರು, ಹೆಣ್ಣಿನ ರೂಪವನ್ನು ತೊಟ್ಟವನನ್ನು ಕಂಡು ಮುಖ ತಿರುಗಿಸುವುದೇಕೆ?

ಈವರೆಗಿನ ಮಾತು ಆ ತರುಣನ ಪಕ್ಷವಾಗಿ ನಡೆಯಿತು. ಆದರೆ ಇದೇ ಮಾತನ್ನು ಹಿಡಿದು, ಊರಿನ ಹೆಣ್ಣುಮಕ್ಕಳನ್ನು ಮನೆಯೊಳಗೇ ಕೂರಿಸುವುದಾದರೆ ಅದು ಶರಣತತ್ತ್ವದ ದುರುಪಯೋಗವಾಗುವುದು. ವಚನಕಾರ್ತಿಯರು ಮೂವತ್ತಕ್ಕೂ ಹೆಚ್ಚು ಮಂದಿ. ಅವರು ತಮ್ಮ ಮಾತನ್ನು ಗಂಡಸರ ಕೈಲಿ ಹೇಳಿಸಲಿಲ್ಲ. ತಾವೇ ಎದ್ದು ನಿಂತು ಆಡಿದರು. ಲಕ್ಕಮ್ಮನ ಪಾತ್ರವಾಡಲು ಮನಸ್ಸುಳ್ಳ ಹುಡುಗಿಯು ಊರಿನಲ್ಲಿಯೇ ಇದ್ದು, ಸಭೆಯಲ್ಲಿ ಹೆಣ್ಣು ಮಾತನಾಡಕೂಡದೆಂಬ ಕಾರಣದಿಂದ ಅವಳನ್ನು ತಡೆದು ಹುಡುಗನಿಗೆ ಸೀರೆಯುಡಿಸಿದರೆ, ಅಂದಿನ ರಾತ್ರಿ ಆಡಿದ್ದು ಕಲ್ಯಾಣದ ಕಥೆಯೆಂದು ಹೇಳಲಾದೀತೆ? ಅವಳು ಮುಟ್ಟಾಗಿದ್ದಾಳೆಂದು ವೇದಿಕೆಯಿಂದ ದೂರವಿಡುವುದಂತೂ ರಜಸ್ಸೂತಕವಿಲ್ಲವೆಂದ ಶರಣರನ್ನು ಅವರ ಹಬ್ಬದಲ್ಲಿಯೇ ಅಲ್ಲಗಳೆದಂತೆ. ಮೊದಲು ಹೆಣ್ಣುಮಕ್ಕಳನ್ನು ಕೇಳಬೇಕು. ಅವರು ಬಂದರೆ ಸಂತೋಷ. ಅವರೊಡನೆ ಹುಡುಗನೂ ಬಂದರೆ ಅವನಿಗೂ ಒಂದು ಪಾತ್ರವಿರಲಿ. ಹುಡುಗಿಯೊಬ್ಬಳು ಚನ್ನಬಸವಣ್ಣನಾದರೂ ಭರತಮುನಿಯ ಅಡ್ಡಿಯೇನಿಲ್ಲ.

ಮತ್ತೊಂದು ಬಗೆಯವರ ವಿಷಯವನ್ನೂ ಇಲ್ಲಿ ಮರೆಯಲಾಗದು. ಒಂದು ರಾತ್ರಿಗಲ್ಲದೆ ಬಾಳೆಲ್ಲ ಸ್ತ್ರೀಯಾಗಿಯೇ ಇರಬೇಕೆಂದು ಅಂತರಂಗದಲ್ಲಿ ಅರಿತವರು ಸಮಾಜದಲ್ಲಿದ್ದಾರೆ. ಅವರದು ವೇಷವಲ್ಲ, ಜೀವನ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಅವರ ಆತ್ಮನಿರ್ಣಯವನ್ನು ಮಾನ್ಯಮಾಡಿತು. ಬಳ್ಳಾರಿ ಸೀಮೆಯ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು; 2021ರಲ್ಲಿ ಪದ್ಮಶ್ರೀಯನ್ನು ಪಡೆದರು. ಪಾತ್ರಕ್ಕಾಗಿ ಸೀರೆಯುಟ್ಟ ಹುಡುಗನನ್ನು ಅವರ ಹೆಸರೆತ್ತಿ ಹಂಗಿಸುವವರು ಒಂದೇ ಮಾತಿನಲ್ಲಿ ಇಬ್ಬರನ್ನು ನೋಯಿಸುತ್ತಾರೆ.

ಕಡೆಯದಾಗಿ ಇಷ್ಟಲಿಂಗದ ಪ್ರಶ್ನೆ. ಗೃಹಸ್ಥರು ಇದನ್ನು ಹೆಚ್ಚಾಗಿ ಕೇಳುವುದರಿಂದ ಸ್ವಲ್ಪ ವಿಸ್ತರಿಸಿ ಹೇಳುವುದು ಯುಕ್ತ. ಅಕ್ಕನ ಪಾತ್ರ ವಹಿಸುವ ತರುಣನು ಚೌಕಿಯಲ್ಲಿ ಕುಳಿತಾಗ ಅವನ ಮೈಮೇಲಿನ ಒಂದೊಂದೂ ಬದಲಾಗುತ್ತದೆ. ಪಂಚೆ ಹೋಗಿ ಸೀರೆ ಬರುತ್ತದೆ. ಮೀಸೆ ಹೋಗುತ್ತದೆ, ಉದ್ದ ಕೂದಲು ಬರುತ್ತದೆ. ಕೈಗೆ ರುದ್ರಾಕ್ಷಿ, ಹಣೆಗೆ ವಿಭೂತಿಯ ಪಟ್ಟೆಗಳು ಹೊಸದಾಗಿ ಬರುತ್ತವೆ. ಬದಲಾಗದೆ ಉಳಿಯುವುದು ಎದೆಯ ಮೇಲಿನ ಕರಡಿಗೆಯೊಂದೇ. ಏಕೆಂದರೆ ಗಂಡಸಿನ ಲಿಂಗವೇ ಬೇರೆ, ಹೆಂಗಸಿನ ಲಿಂಗವೇ ಬೇರೆ ಎಂಬುದಿಲ್ಲ. ದೀಕ್ಷೆಯಲ್ಲಿ ಗುರುವು ಮಗನಿಗೆ ಕೊಟ್ಟದ್ದೂ ಮಗಳಿಗೆ ಕೊಟ್ಟದ್ದೂ ಒಂದೇ. ಅಕ್ಕಮಹಾದೇವಿಯ ಕರಸ್ಥಲದಲ್ಲಿದ್ದುದೂ ಈ ಹುಡುಗನ ಎದೆಯ ಮೇಲಿರುವುದೂ ಒಂದೇ. ಸೀರೆಯನ್ನುಡಿಸುವಾಗ ಶಿವದಾರವನ್ನು ಬಿಚ್ಚಿಡಬೇಕೇ ಎಂದು ಕೇಳುವವರುಂಟು. ಬಿಚ್ಚಿಡಕೂಡದು, ಬಿಚ್ಚಿಡಲು ಕಾರಣವೂ ಇಲ್ಲ.

ಆದರೆ ರಂಗದ ಮೇಲೆ ಕರಡಿಗೆಯನ್ನು ತೆರೆದು, ದೀಪದ ಬೆಳಕಿನಲ್ಲಿ ಜನರಿಗೆ ಕಾಣುವಂತೆ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸುವುದು ಸಲ್ಲದು. ಪೂಜೆಯು ಪ್ರದರ್ಶನವಲ್ಲ. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ಬಾಗಿಸಿ, ದೃಷ್ಟಿಯನ್ನು ಅಂಗೈಯ ಮೇಲೆ ನಿಲ್ಲಿಸಿದರೆ ಸಾಕು. ಏನಿದೆಯೆಂದು ಊರಿನ ಶಿಶುವಿಗೂ ತಿಳಿಯುತ್ತದೆ. ಅಂಗಡಿಯಿಂದ ತಂದ ಕಪ್ಪು ಗುಂಡನ್ನು ಲಿಂಗವೆಂದು ಹಿಡಿಯುವ ಪದ್ಧತಿಯೂ ಅಷ್ಟು ಒಳ್ಳೆಯದಲ್ಲ. ಆಟವಾದ ಮೇಲೆ ಅದನ್ನು ಸೀನರಿಯ ಪೆಟ್ಟಿಗೆಯಲ್ಲಿ ಗದೆ ಕಿರೀಟಗಳ ಜೊತೆಗೆ ಎಸೆಯುವುದನ್ನು ನೋಡಿದವರಿಗೆ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಆಟವು ಮುಗಿಯುವ ವೇಳೆಗೆ ಬೆಳ್ಳಿ ಮೂಡಿರುತ್ತದೆ. ಮನೆಗೆ ಬಂದು ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣವನ್ನು ತೆಗೆದು, ಮಿಂದು, ಎಂದಿನಂತೆ ವಿಭೂತಿಯನ್ನು ಧರಿಸಿ ಪೂಜೆಗೆ ಕೂರಬೇಕು. ಸ್ತ್ರೀವೇಷ ಧರಿಸಿದ್ದಕ್ಕಾಗಿ ಬೇರೆ ಪ್ರಾಯಶ್ಚಿತ್ತವೇನಾದರೂ ಉಂಟೇ ಎಂದು ಮನೆಯ ಹಿರಿಯರು ಮಠಕ್ಕೆ ಬಂದು ವಿಚಾರಿಸುವುದುಂಟು, ಅಂತಹುದೇನೂ ಇಲ್ಲ. ಕಣ್ಣಿನ ಅಂಚಿನಲ್ಲಿ ಕಾಡಿಗೆ ಎರಡು ದಿನ ಉಳಿಯುತ್ತದೆ. ಅದು ಪೂಜೆಗೆ ಅಡ್ಡಿಯಲ್ಲ.